ಕೊನೆಗೆ ಬಂದ ಕುದುರೆಯ ಹಾಡು

ಶರ್ಗಾ, ಬೇಸಿಗೆ ಬಿಡಾರ
ಜುಲೈ ಹದಿನೆಂಟು

ಮುದ್ದು ಮಗಳು ಉಯಂಗಾಗೆ,

ನಿನ್ನ ಎರಡೂ ಕೆನ್ನೆಗಳನ್ನು ಇಲ್ಲಿಂದಲೇ ಮೂಸಿ ಅಮ್ಮ ಬರೆಯುತ್ತಿರುವ ಕಾಗದ. ಬೇಸಿಗೆ ಸುಖವಾಗಿ ಕಳೆಯುತ್ತಿದೆಯೇ? ಪಟ್ಟಣದಲ್ಲಿ ಕುರಿಯೂ ಇಲ್ಲ, ಹುಲ್ಲೂ ಇಲ್ಲ, ಇದನ್ನು ಕೇಳುವುದಾದರೂ ಹೇಗೆ ಎಂದು ಒಂದು ಗಳಿಗೆ ಪೆನ್ನು ಹಿಡಿದು ಸುಮ್ಮನೆ ಕೂತಿದ್ದೆ. ಆದರೆ ಕೇಳದೆ ಶುರು ಮಾಡಲು ನನಗೆ ಬರುವುದಿಲ್ಲ. ಇಲ್ಲಿ ನಾವು ಸುಖವಾಗಿದ್ದೇವೆ. ಕುರಿಗಳು ಮೈ ತುಂಬಿಕೊಂಡಿವೆ. ಹೆಣ್ಣು ಕುದುರೆಗಳು ಕೈತುಂಬ ಹಾಲು ಕೊಡುತ್ತಿವೆ. ನನ್ನ ಬೆನ್ನು ಗೊಣಗಿಕೊಂಡಾದರೂ ಬಗ್ಗುತ್ತಿದೆ.

ಬೈಯುವುದಕ್ಕೆ ಬರೆದಿದ್ದಾಳೆ ಎಂದು ಹೆದರಿ ಇದನ್ನು ಮಡಿಸಿ ಇಡಬೇಡ. ಬೈಯುವುದಿದ್ದರೆ ಫೋನಿನಲ್ಲೇ ಬೈಯುತ್ತಿದ್ದೆ, ಅದಕ್ಕೆ ಕಾಗದ ಏಕೆ ದಂಡ. ಆದರೆ ನೀನು ನಂಬರು ಬದಲಾಯಿಸಿಕೊಂಡು ಕೂತಿದ್ದೀಯ. ಉಲಾನ್‌ಬಾತರಿಗೆ ಉಣ್ಣೆ ಮಾರಲು ಹೋಗಿದ್ದ ನಿನ್ನ ಸೋದರಮಾವ, ದೊಡ್ಡ ಸಂತೆಯ ಹತ್ತಿರ ಒಂದು ಮಾಂಸದ ಕಡುಬಿನ ಅಂಗಡಿಗೆ ಹೊಕ್ಕರೆ ಒಳಗೆ ಹಿಟ್ಟು ನಾದುತ್ತಿದ್ದವಳು ನೀನೇ ಅಂತೆ. ಅವನನ್ನು ಕಂಡದ್ದೇ ಹಿಂದಿನ ಬಾಗಿಲಿನಿಂದ ಹೊರಟುಹೋದೆಯಂತೆ. ಊರಿಗೆ ಬಂದು ಅವನು ಹೇಳಿದ್ದು ಇಷ್ಟು: "ಅಕ್ಕಾ, ಹುಡುಗಿ ಮುಖ ತೋರಿಸ್ಲಿಲ್ಲ. ಆದ್ರೆ ಕಡುಬು ಮಾತ್ರ ಬಾಯಲ್ಲಿಟ್ರೆ ನಿನ್ನ ಕೈರುಚಿನೇ." ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಬಹುಮಾನದ ವಿಷಯ ನಮಗೆ ಗೊತ್ತು. ಕಾಡುಪ್ರಾಣಿಗಳನ್ನು ಕಾಯುವ ಎಳೆಯರಿಗೆ ಕೊಡುವ ಆ ಬಹುಮಾನಕ್ಕೆ ನಿನ್ನ ಹೆಸರು ಕಳಿಸಿದ್ದು, ನಿನ್ನನ್ನು ಕರೆದುಕೊಂಡು ಹೋದದ್ದು ಎಲ್ಲ ಪುರೆವ್ ಟೀಚರ್ ತಾನೆ? ಕಳೆದ ವರ್ಷ ಚಳಿ ಶುರುವಾಗುವ ಹೊತ್ತಿಗೆ ಅವರು ಒಬ್ಬರೇ ಬಸ್ಸಿಳಿದು ಬಂದರು. ನಮ್ಮ ಗುಡಾರದಲ್ಲಿ ಕೂತು, ಚಹಾದ ಬಟ್ಟಲು ಕೈಯಲ್ಲೇ ತಣ್ಣಗಾಗುವವರೆಗೆ ಎಲ್ಲ ಹೇಳಿದರು. ಕೊನೆಗುಳಿದ ಕೆಲವರನ್ನು ವೇದಿಕೆಗೆ ಕರೆದರಂತೆ. ಪೂರ್ವದ ಕಡೆಯ ಹುಡುಗನೊಬ್ಬನಿಗೆ, ಕೊಕ್ಕರೆ ಮೊಟ್ಟೆಗಳನ್ನು ಕಾದವನಿಗೆ, ಬಹುಮಾನ ಬಂತಂತೆ. ನಿನ್ನ ಹೆಸರನ್ನು ಎಲ್ಲರ ಕೊನೆಗೆ ಓದಿ ಒಂದು ಟೋಪಿ, ಒಂದು ಥರ್ಮಾಸು ಕೊಟ್ಟರಂತೆ. "ಬರಿಗೈಲಿ ಅಪ್ಪನ ಮುಂದೆ ಹೆಂಗೆ ನಿಲ್ಲಲಿ ಟೀಚರ್?" ಎಂದು ಕೇಳಿ, ಆ ಎರಡನ್ನೂ ಅವರ ಕೈಗೆ ತುರುಕಿ ಅಲ್ಲೇ ಉಳಿದುಬಿಟ್ಟೆಯಂತೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಕೊಕ್ಕರೆಗಳೂ ಬದುಕಬೇಕಲ್ಲ. ಟೋಪಿಯನ್ನು ನಿನ್ನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಥರ್ಮಾಸು ಬಹಳ ಒಳ್ಳೆಯದು, ಬೆಳಿಗ್ಗೆ ತುಂಬಿದ ಉಪ್ಪು ಚಹಾ ಸಂಜೆ ಕುರಿ ಕೂಡುವ ಹೊತ್ತಿಗೂ ಬಿಸಿ ಇರುತ್ತದೆ.

ಕೊನೆಗೆ ಬಂದೆ ಎಂದು ಟೀಚರ್ ಹೇಳಿದಾಗ ನನಗೆ ಬೇರೆಯೇ ಒಂದು ದಿನ ಕಣ್ಣಿಗೆ ಕಟ್ಟಿತು. ನಿನಗೆ ಆಗ ಏಳು ವರ್ಷ. ನಾದಮ್ ಹಬ್ಬದಲ್ಲಿ ಎರಡು ವರ್ಷದ ಮರಿಗಳ ಓಟ. ನಿಮ್ಮಪ್ಪ ತಾನೇ ಪಳಗಿಸಿದ ಹಣೆಬೊಟ್ಟಿನ ಕೆಂಚಿಯ ಮೇಲೆ ನಿನ್ನನ್ನು ಕೂರಿಸಿದ್ದ. ನಾನು ಹೊಲಿದ ಹಳದಿ ಅಂಗಿ ನಿನಗೆ ಮೊಣಕಾಲಿನ ತನಕ ಬರುತ್ತಿತ್ತು. ಮೊದಲ ಐದು ಕುದುರೆಗಳು ಬಂದವು, ಜನ ಅವುಗಳ ಬೆವರು ಮುಟ್ಟಿ ಹಣೆಗೆ ಸವರಿಕೊಂಡರು. ಉಳಿದವೂ ಬಂದವು. ಧೂಳು ಇಳಿಯಿತು. ನಿನ್ನ ಸುಳಿವೇ ಇಲ್ಲ. ನನಗೆ ಜೀವ ಬಾಯಿಗೆ ಬಂತು. ಆಮೇಲೆ ದೂರದಲ್ಲಿ ಒಂದು ಹಳದಿ ಚುಕ್ಕೆ. ಕೆಂಚಿ ನಡುವೆ ನಡುವೆ ನಿಂತು ಹುಲ್ಲು ಮೇಯುತ್ತ, ನೀನು ಅದರ ಕುತ್ತಿಗೆ ತಬ್ಬಿಕೊಂಡು ಬೇಡಿಕೊಳ್ಳುತ್ತ, ಇಬ್ಬರೂ ಸಂತೆಗೆ ಹೊರಟವರ ಹಾಗೆ ಬರುತ್ತಿದ್ದಿರಿ.

ಮೂತಿ ಊದಿಸಿಕೊಂಡು ಇಳಿದೆ. ಮುಖದ ಮೇಲೆ ಧೂಳು, ಧೂಳಿನಲ್ಲಿ ಕಣ್ಣೀರಿನ ಎರಡು ಕಾಲುವೆ. ಅಷ್ಟರಲ್ಲಿ ನಿಮ್ಮಪ್ಪ ಕುದುರೆಯ ತಲೆಗೆ ಸುರಿಯಲು ಹುಳಿ ಕುದುರೆಹಾಲಿನ ಐರಗ್ ತುಂಬಿದ ಬಟ್ಟಲು ಹಿಡಿದು ಕೆಂಚಿಯ ಮುಂದೆ ಬಂದು ನಿಂತ. ಗೆದ್ದ ಕುದುರೆಗಳನ್ನು ಹಾಡಿ ಹೊಗಳುವ ಕೆಲಸ ನಮ್ಮ ಶರ್ಗಾದಲ್ಲಿ ಅವನದೇ, ಅವನ ಗಂಟಲು ಆಗ ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ಎಲ್ಲರ ಕೊನೆಗೆ ಬಂದ ಮರಿಗೆ, ನಾವು 'ತುಂಬು ಹೊಟ್ಟೆ' ಎಂದು ಕರೆಯುವುದಕ್ಕೆ, ಹಾಡುವವನೂ ಅವನೇ. ನೀನು ನನ್ನ ನಿಲುವಂಗಿಯೊಳಗೆ ಮುಖ ಮುಚ್ಚಿಕೊಂಡು, "ಅಪ್ಪಂಗೆ ಹಾಡ್ಬೇಡ ಅನ್ನಮ್ಮಾ, ಎಲ್ಲಾರೂ ನೋಡ್ತಾರೆ" ಎಂದು ಗೋಗರೆದೆ. ಅವನು ಕೇಳುತ್ತಾನೆಯೇ. ಕುದುರೆಯ ತಪ್ಪಿಲ್ಲ ಎಂದು ಹಾಡಿದ. ದಾರಿ ತುಂಬ ಕಲ್ಲು, ಕಡಿವಾಣ ಹಳೆಯದು, ಮೇಲೆ ಕೂತವಳಿಗೆ ಇನ್ನೂ ಹಾಲುಹಲ್ಲು, ಬರುವ ವರ್ಷ ಉಳಿದ ಕುದುರೆಗಳು ಇದರ ಧೂಳು ಕುಡಿಯಲಿ ಎಂದು ಹಾಡಿದ. 'ಪಳಗಿಸಿದವನೇ ತಲೆಕೆಟ್ಟ ಹುಂಬ' ಎಂಬ ಸಾಲು ಬಂದಾಗ ಇಡೀ ಬಯಲು ಬಿದ್ದು ಬಿದ್ದು ನಕ್ಕಿತು, ಏಕೆಂದರೆ ಪಳಗಿಸಿದವನು ಅವನೇ. ಅವನೂ ಹಾಡು ನಿಲ್ಲಿಸಿ ನಕ್ಕ. ನೀನು ನನ್ನ ಅಂಗಿಯ ಸಂದಿಯಿಂದ ಒಂದು ಕಣ್ಣಿನಲ್ಲಿ ನೋಡಿ, ಆಮೇಲೆ ನೀನೂ ನಕ್ಕೆ.

ಮನೆಗೆ ಬರುವ ದಾರಿಯಲ್ಲಿ ಅವನ ಮುಂದೆ ಒಂದೇ ಜೀನಿನಲ್ಲಿ ಕೂತು ಕೇಳಿದ್ದೆ: "ಅಪ್ಪಾ, ಸೋತೋರಿಗೆ ಯಾಕೆ ಹಾಡೋದು?" ಅವನು ಹೇಳಿದ್ದು ನನಗೆ ಇವತ್ತಿಗೂ ನೆನಪಿದೆ. "ಗೆದ್ದಿದ್ದಕ್ಕೆ ಹಾಡದಿದ್ರೂ ಅದು ಬರೋ ವರ್ಷ ಓಡ್ತದೆ ಕಂದಾ. ಇದಕ್ಕೆ ಹಾಡದಿದ್ರೆ ಮತ್ತೆ ಓಡೋದೇ ಇಲ್ಲ."

ಆ ಬೇಸಿಗೆಗಳೆಲ್ಲ ಎಲ್ಲಿ ಹೋದವೋ. ನಿನ್ನ ಬೊಖೊನ್ ಹುಲ್ಲೆಯ ಹುಚ್ಚು ಶುರುವಾದದ್ದೂ ಅಂಥದೇ ಒಂದು ಬೇಸಿಗೆಯ ಬಾಗಿಲಲ್ಲಿ. ಒಂದು ದಿನ ನೀನು ಅಂಗಿಯೊಳಗೆ ಏನನ್ನೋ ಬಚ್ಚಿಟ್ಟುಕೊಂಡು ಬಂದೆ. ಬಿಚ್ಚಿ ನೋಡಿದರೆ ಊದಿದ ಮೂಗಿನ ಹಸುಗೂಸು, ಹುಟ್ಟಿ ಒಂದು ದಿನವೂ ಆಗಿರಲಿಲ್ಲವೇನೋ. ಬಯಲಿನಲ್ಲಿ ಒಂಟಿಯಾಗಿ ಬಿದ್ದಿತ್ತು, ತಬ್ಬಲಿ ಅಂದೆ. ತಬ್ಬಲಿ ಎಂದರೆ ನಮಗೆ ಗೊತ್ತಿರುವ ಮದ್ದು ಒಂದೇ. ಮರಿ ಸತ್ತ ನಮ್ಮ ಕರಿ ಕುರಿಯನ್ನು ತಂದು ಕಟ್ಟಿ, ಅದರ ಬೆನ್ನು ಸವರುತ್ತ "ತೊಯ್ಗ್, ತೊಯ್ಗ್" ಎಂದು ರಾಗ ಎಳೆದೆ. ನನ್ನ ಅಜ್ಜಿ, ಅವಳ ಅಜ್ಜಿ ಎಲ್ಲರೂ ಹೀಗೇ ಹಾಡಿ ಎಷ್ಟೋ ಮರಿಗಳನ್ನು ಬೇರೆ ತಾಯಿಗೆ ಅಂಟಿಸಿದವರು. ಕರಿಯ ಕಣ್ಣಲ್ಲಿ ನೀರು ಬಂತು, ಕೆಚ್ಚಲು ಬಿಟ್ಟಿತು. ನಾನು ಹೆಮ್ಮೆಯಿಂದ ಬೀಗುತ್ತಿದ್ದೆ. ಅಷ್ಟರಲ್ಲಿ ಚಹಾಕ್ಕೆಂದು ಬಂದ ಪುರೆವ್ ಟೀಚರ್ ಹೌಹಾರಿದರು. "ಅಯ್ಯೋ ದಾರಿಮಾ ಅಕ್ಕಾ, ಇದು ತಬ್ಬಲಿ ಅಲ್ಲ! ಇದರ ತಾಯಿನೇ ಮಲಗಿಸಿ ಮೇಯಕ್ಕೆ ಹೋಗಿರ್ತಾಳೆ. ಈಗ ಬಂದು ಹುಡುಕ್ತಿರ್ತಾಳೆ."

ನಿನ್ನ ಮುಖ ಬಿಳಿಚಿಹೋಯಿತು. ನಿಮ್ಮಪ್ಪ ನಿನ್ನನ್ನೂ ಮರಿಯನ್ನೂ ಎತ್ತಿ ಕುದುರೆಯ ಮೇಲೆ ಹಾಕಿಕೊಂಡು ಹೊರಟ. ಎತ್ತಿಕೊಂಡ ಜಾಗದಲ್ಲೇ ಅದನ್ನು ಮಲಗಿಸಿ, ನೀವಿಬ್ಬರೂ ದೂರದ ಪೊದೆಯ ಹಿಂದೆ ಹೊಟ್ಟೆಯ ಮೇಲೆ ಮಲಗಿ ಕಾದಿರಿ. ಕತ್ತಲಾಗುವ ಮುಂಚೆ ತಾಯಿ ಬಂತು. ಮೂಗು ಎತ್ತಿ ಎತ್ತಿ ಗಾಳಿ ನೋಡಿ, ಬಂದು, ಕುಡಿಸಿತು. ಮನೆಗೆ ಬಂದು ನೀನು ಅದನ್ನು ಹೇಳಿದ ಸಂಭ್ರಮ ನೋಡಬೇಕಿತ್ತು. ನಿಮ್ಮಪ್ಪನೋ, ಬೂಟು ಬಿಚ್ಚುತ್ತ "ಆ ಮೂಗು ನೋಡು, ನಿಮ್ಮಮ್ಮನ ಕಡೆಯೋರ ಹಂಗೇ ಐತೆ" ಅಂದ. ನಾನು ಸೌಟು ಎಸೆದೆ. ಇವೆಲ್ಲ ನಿನಗೆ ನೆನಪಿದೆಯೋ ಇಲ್ಲವೋ, ನನಗೆ ಹಾಲು ಕರೆಯುವಾಗ ದಿನವೂ ನೆನಪಾಗುತ್ತದೆ.

ಅಲ್ಲಿಂದಲೇ ಬೆಳೆಯಿತು ನಿಮ್ಮ ಶಾಲೆಯ ಹುಲ್ಲೆ ಕಾವಲಿನ ಕೂಟ. ಹುಲ್ಲೆಗಳು ಮರಿ ಹಾಕುವ ದಿನಗಳಲ್ಲಿ, ನೆಲಕ್ಕಂಟಿ ಮಲಗಿರುವ ಮರಿಗಳನ್ನು ನಮ್ಮ ನಾಯಿಗಳೇ ಮೂಸಿ ಕೊಲ್ಲುತ್ತವೆ ಎಂದು ಕಂಡುಕೊಂಡವಳು ನೀನು. ಅಷ್ಟು ದಿನ ನಾಯಿ ಕಟ್ಟಿಹಾಕಿ ಎಂದು ಬಿಡಾರದಿಂದ ಬಿಡಾರಕ್ಕೆ ಹೋದಿರಿ. ಜನ ನಕ್ಕರು. ನಾಯಿ ಕಟ್ಟುವುದೆಂದರೆ ಬಾಗಿಲು ಕಿತ್ತು ಹೊರಗಿಟ್ಟ ಹಾಗೆ ಇಲ್ಲಿ. ಯಾವ ಗುಡಾರಕ್ಕೆ ಹೋದರೂ ದೂರದಿಂದಲೇ "ನಾಯಿ ಹಿಡ್ಕೊಳ್ಳೀ!" ಎಂದು ಕೂಗುವುದು ನಮ್ಮ ನಮಸ್ಕಾರ. ನಿಮ್ಮ ಕೂಟದ ಮಕ್ಕಳು ಅದಕ್ಕೆ ಬಾಲ ಹಚ್ಚಿದರು. "ನಾಯಿ ಹಿಡ್ಕೊಳ್ಳೀ! ಹಿಡ್ಕೊಂಡ್ಮೇಲೆ ಹಂಗೇ ಕಟ್ಟಿಹಾಕೀ!" ಕೇಳಿ ಕೇಳಿ, ನಗುತ್ತ ನಗುತ್ತ, ಒಬ್ಬೊಬ್ಬರೇ ಕಟ್ಟಿದರು. ಕಟ್ಟದೆ ಉಳಿದವನು ನಿಮ್ಮಪ್ಪ. ಕುದುರೆ ಮಂದೆ ಇಟ್ಟುಕೊಂಡವನಿಗೆ ಬಾಸರನಂಥ ನಾಯಿ ಇಲ್ಲದೆ ಹೇಗೆ ಎಂದು ವರ್ಷ ವರ್ಷವೂ ಜಾರಿಕೊಂಡ. ಹೋದ ವರ್ಷ ಮಾತ್ರ ನಿನ್ನ ಕಾಟ ತಡೆಯಲಾರದೆ "ಆಗ್ಲಿ ತಾಯೀ" ಎಂದು ಬಾಸರನ್ನು ಗೂಟಕ್ಕೆ ಕಟ್ಟಿದ.

ಆಮೇಲೆ ಆದದ್ದು ನಮ್ಮಿಬ್ಬರಿಗೂ ಗೊತ್ತು. ಅವುಗಳ ಹೆಸರು ಬಾಯಲ್ಲಿ ಬಂದರೆ ಕರೆದಂತೆ ಎಂದು ನಿಮ್ಮಪ್ಪ ತೋಳಗಳನ್ನು ಈಗಲೂ 'ಬಯಲ ನಾಯಿ' ಎನ್ನುತ್ತಾನೆ. ಆ ಬಯಲ ನಾಯಿಗಳು ಇಳಿದು ಬಂದವು, ಬಾಸರ್ ಗೂಟದ ಸುತ್ತ ಸುತ್ತಿ ಸುತ್ತಿ ಬೊಗಳಿತು, ಬೆಳಗಾಗುವುದರೊಳಗೆ ಕೆಂಚಿಯ ಮರಿ ಇರಲಿಲ್ಲ. ಮುದಿಯಾದ ಕೆಂಚಿಯ ಕೊನೆಯ ಮರಿ ಅದು, ಈ ವರ್ಷದ ಓಟಕ್ಕೆಂದೇ ಸಾಕಿದ್ದು. ನಿಮ್ಮಪ್ಪ ಅದರ ಬಾಲದ ಕೂದಲು ಕೈಯಲ್ಲಿ ಹಿಡಿದು ನಿಂತು ನಿನಗೆ ಅಂದುಬಿಟ್ಟ: "ಆ ದೊಡ್ಡಮೂಗಿನವೇ ನಿನ್ನ ಮನೆಯೋರು. ಹೋಗು, ಅವುಗಳ ಅಪ್ಪನ್ನೇ ಅಪ್ಪಾ ಅನ್ನು." ನೀನೇನು ಕಡಿಮೆಯೇ? "ಬಹುಮಾನ ತಂದು ನಿನ್ನ ಮುಂದೆ ಇಡ್ತೀನಿ. ಅಲ್ಲೀವರ್ಗೂ ನಂಜೊತೆ ಮಾತಾಡ್ಬೇಡ" ಅಂದೆ. ಇಬ್ಬರೂ ಮಾತು ಉಳಿಸಿಕೊಂಡಿರಿ. ನೀನು ಪಟ್ಟಣಕ್ಕೆ ಹೊರಟ ದಿನ ಅವನು ಗುಡ್ಡದ ಆಚೆ ಕುದುರೆ ಹುಡುಕುವ ನೆಪದಲ್ಲಿ ಹೋಗಿದ್ದ. ಅವತ್ತು ಒಂದು ಕುದುರೆಯೂ ಕಳೆದಿರಲಿಲ್ಲ.

ಚಳಿಗಾಲವೆಲ್ಲ ನಮ್ಮ ಗುಡಾರದಲ್ಲಿ ಒಲೆ ಉರಿಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಿನ್ನ ಥರ್ಮಾಸನ್ನು ಅವನು ಮುಟ್ಟುತ್ತಿರಲಿಲ್ಲ. "ಅದ್ರಾಗೆ ಚಹಾ ವಾಸನೆ ಹೊಡೀತದೆ" ಎನ್ನುತ್ತಿದ್ದ. ಚಹಾ ಚಹಾ ವಾಸನೆ ಹೊಡೆಯದೆ ಇನ್ನೇನು ಹೊಡೆಯಬೇಕು ಎಂದು ನಾನೂ ಕೇಳಿದೆ.

ಈಗ ಈ ವರ್ಷದ ಸುದ್ದಿ ಕೇಳು. ಜೂನ್ ಹತ್ತಿರ ಬಂದಾಗ, ಇನ್ನು ನಾಯಿ ಕಟ್ಟಿ ಎನ್ನುವವರು ಯಾರು ಎಂದು ಎಲ್ಲರೂ ಮರೆತೇಬಿಟ್ಟಿದ್ದರು. ಒಂದು ಬೆಳಿಗ್ಗೆ ಪಕ್ಕದ ಬಿಡಾರದ ಝಾಯಾ, ನಿನ್ನ ಕೂಟದ ಅದೇ ಹಲ್ಲುಬ್ಬಿ, ನಮ್ಮ ಬಾಗಿಲಿಗೆ ಬಂದು ನಿಂತಳು. "ಗೊಂಬೊ ಅಜ್ಜಾ, ನಾಯಿ ಹಿಡ್ಕೊ..." ಅಷ್ಟಕ್ಕೇ ನಿಲ್ಲಿಸಿದಳು. ಬಾಲ ಹಚ್ಚಲು ಧೈರ್ಯವಿಲ್ಲ. ನಿಮ್ಮಪ್ಪ ಅವಳನ್ನು ನೋಡಿದ, ಗುಡ್ಡ ನೋಡಿದ. "ಅರ್ಧ ಹೇಳಿ ನಿಲ್ಲಿಸ್ತಾರೇನೇ? ಉಯಂಗಾ ಹಿಂಗಾ ಕಲ್ಸಿದ್ದು ನಿಂಗೆ?" ಅಂದ. ವರ್ಷದ ಮೇಲೆ ಅವನ ಬಾಯಲ್ಲಿ ನಿನ್ನ ಹೆಸರು ಬಂತು. ಝಾಯಾ ಉಸಿರು ಬಿಗಿಹಿಡಿದು ಪೂರ್ತಿ ಕೂಗಿದಳು. ಅವನು ಎದ್ದು, ಕುದುರೆ ಕೂದಲಿನ ತನ್ನ ಒಳ್ಳೆಯ ಹಗ್ಗ ತಂದು, ಬಾಸರನ್ನು ಕಟ್ಟಿದ.

ಕುದುರೆ ಮಂದೆಗೆ ಯಾರು ದಿಕ್ಕು ಎಂದು ನಾನು ಕೇಳಬೇಕೆನ್ನುವಷ್ಟರಲ್ಲಿ ತನ್ನ ಹಳೆಯ ಕುರಿತೊಗಲಿನ ಕೋಟು ಹೆಗಲಿಗೆ ಹಾಕಿಕೊಂಡ. "ನಾಯಿ ಕೆಲಸ ನಾನೇ ಮಾಡ್ತೀನಿ" ಅಂದ. "ಬೊಗಳೋದು?" ಅಂದೆ. "ಅದಕ್ಕೆ ನೀನಿದ್ದೀಯಲ್ಲ" ಅಂದ. ಹುಲ್ಲೆಗಳ ಮರಿಗಳು ಎದ್ದು ಓಡುವಂತಾಗುವವರೆಗೂ ಅವನು ಮಂದೆಯ ಜೊತೆಗೇ ಇದ್ದ, ಹಗಲು ಬಂದು ಮಲಗಿ ಗೊರಕೆ ಹೊಡೆದ. ಹೊರಡುವಾಗ ಯಾರೂ ನೋಡುತ್ತಿಲ್ಲ ಎಂದುಕೊಂಡು ನಿನ್ನ ಥರ್ಮಾಸನ್ನು ಕೋಟಿನೊಳಗೆ ತೂರಿಸಿಕೊಳ್ಳುತ್ತಿದ್ದ. ನಾನು ನೋಡಿದೆ. ನೋಡಿಯೂ ಪಾತ್ರೆ ತಿಕ್ಕುತ್ತಿದ್ದೆ. ಮಂದೆಯ ಒಂದು ಕುದುರೆಗೂ ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ಬಂದವನು ಚಹಾ ಮುಟ್ಟುವ ಮೊದಲೇ, "ಹುಲ್ಲೆ ಎರಡು ಮರಿ ಹಾಕಿತು ಕಣೇ. ನನ್ನ ಕಣ್ಣ ಮುಂದೇನೇ. ಅವಳಿರಬೇಕಿತ್ತು" ಅಂದ. ಈ ಸಲ ನಿನ್ನ ಹುಲ್ಲೆಗಳನ್ನು ನೀನು ನೋಡಬೇಕು ಉಯಂಗಾ. ಬಯಲಿನ ಬಣ್ಣವೇ ಎದ್ದು ನಡೆಯುತ್ತಿದೆ ಎನ್ನಿಸುತ್ತದೆ.

ಇನ್ನು ನಾದಮ್. ಅದನ್ನು ಹೇಳುವುದಕ್ಕೇ ಇಷ್ಟು ಉದ್ದ ಬರೆದೆ.

ಮೊನ್ನೆ ಎರಡು ವರ್ಷದ ಮರಿಗಳ ಓಟದಲ್ಲಿ ಝಾಯಾ ಒಂದು ಬೂದು ಮರಿಯ ಮೇಲೆ ಕೂತಿದ್ದಳು. ಕೊನೆಗೆ ಬಂದವಳು ಅವಳೇ. ನಿನ್ನಷ್ಟೇ ಚೆನ್ನಾಗಿ ಅತ್ತಳು. ನಿಮ್ಮಪ್ಪ ಬೂದು ಮರಿಯ ಮುಂದೆ ನಿಂತು ಹಾಡಿದ. ಗಂಟಲು ಈಗ ಗುಡ್ಡದವರೆಗೆ ಹೋಗುವುದಿಲ್ಲ, ಆದರೂ ಚೆನ್ನಾಗಿಯೇ ಹಾಡಿದ. ಪಳಗಿಸಿದವನನ್ನು ಬೈಯುವ ಸಾಲಿಗೆ ಜನ ಎಂದಿನಂತೆ ಝಾಯಾಳ ಅಪ್ಪನ ಕಡೆ ತಿರುಗಿ ನಕ್ಕರು. ಮುಗಿಯಿತು ಎಂದು ನಾವೆಲ್ಲ ಬಟ್ಟೆ ಕೊಡವಿಕೊಂಡು ಏಳುತ್ತಿದ್ದೆವು. ನಿಮ್ಮಪ್ಪ ಕದಲಲಿಲ್ಲ. ಬಟ್ಟಲಿಗೆ ಮತ್ತೆ ಐರಗ್ ತುಂಬಿಸಿಕೊಂಡ. ಟೋಪಿ ಸರಿಮಾಡಿಕೊಂಡ. "ಕೂತ್ಕೊಳ್ಳಿ. ಇನ್ನೊಂದು ಬಾಕಿ ಐತೆ. ಹೋದ ವರ್ಷ ಪಟ್ಟಣದಾಗೆ ಓಡಿ ಕೊನೆಗೆ ಬಂದದ್ದು. ಅಲ್ಲಿ ಯಾರಿಗೂ ಹಾಡಕ್ಕೆ ಬರಲಿಲ್ಲ ಕಾಣ್ತದೆ" ಅಂದ.

ಎಲ್ಲರೂ ನನ್ನ ಮುಖ ನೋಡಿದರು. ಎಲ್ಲಿ ನೋಡಬೇಕೋ ತಿಳಿಯದೆ ನಾನು ನನ್ನ ಬೂಟು ನೋಡಿಕೊಂಡೆ.

ಅವನು ಹಾಡಿದ. ಮಗಳೇ, ಅದೇ ಹಾಡು, ಆದರೆ ನಾನು ಅದನ್ನು ಹಾಗೆ ಎಂದೂ ಕೇಳಿರಲಿಲ್ಲ. ಕುದುರೆಯ ತಪ್ಪಿಲ್ಲ ಎಂದ. ಊದಿದ ಮೂಗಿನವರ ತಾಯಿ ನೀನು, ಬಯಲಿನಲ್ಲಿ ಮಲಗಿರುವ ಸಣ್ಣ ಸಣ್ಣ ಉಸಿರುಗಳಿಗೆಲ್ಲ ಕಾವಲು ನೀನು, ನಿನ್ನ ಕಾಲಿನ ತಪ್ಪಿಲ್ಲ ಎಂದ. ದಾರಿ ದೂರದ್ದು, ಆ ಊರಿನ ನೆಲ ಗಟ್ಟಿ ಎಂದ. ಆಮೇಲೆ ಆ ಸಾಲು ಬಂತು. 'ಪಳಗಿಸಿದವನೇ ತಲೆಕೆಟ್ಟ ಹುಂಬ.' ಯಾರೂ ನಗಲಿಲ್ಲ. ಅವನು ಅದನ್ನು ಎರಡನೆಯ ಸಲ ಹಾಡಿದ. ಎರಡನೆಯ ಸಲ ಹಾಡುವ ಪದ್ಧತಿ ಇಲ್ಲ, ನಿನಗೆ ಗೊತ್ತು. ಮೂರನೆಯ ಸಲ ಹಾಡಲು ಹೋಗಿ ಸ್ವರ ಒಡೆಯಿತು, ಬರಿ ಬಾಯಿ ಆಡಿತು. ಮುಂದಿನ ಸಾಲು, ಬರುವ ವರ್ಷ ಉಳಿದವರು ನಿನ್ನ ಧೂಳು ಕುಡಿಯಲಿ ಎನ್ನುವುದನ್ನು, ಅವನ ಬದಲು ಜನವೇ ಹಾಡಿ ಮುಗಿಸಿದರು. ಪುರೆವ್ ಟೀಚರ್ ನನ್ನ ಕೈ ಹಿಡಿದುಕೊಂಡದ್ದು ಬಿಡಲೇ ಇಲ್ಲ, ಬೆರಳೆಲ್ಲ ಜೋಮು ಹಿಡಿಯಿತು.

ಹಾಡೇನೋ ಆಯಿತು, ಐರಗನ್ನು ಯಾರ ತಲೆಗೆ ಹಾಕುವುದು? ಕುದುರೆಯೂ ಇಲ್ಲ, ನೀನೂ ಇಲ್ಲ. ನಿಮ್ಮಪ್ಪ ಬಟ್ಟಲು ಹಿಡಿದು ದಾರಿ ತಪ್ಪಿದವನ ಹಾಗೆ ನಿಂತ. ಆಗ ಝಾಯಾ ಕಣ್ಣೊರೆಸಿಕೊಂಡು, ನಮ್ಮ ಹಿಂದೆಯೇ ಬಂದಿದ್ದ ಬಾಸರನ್ನು ಕಿವಿ ಹಿಡಿದು ಎಳೆದುಕೊಂಡು ಬಂದಳು. "ಇದರ ಮೇಲೆ ಹಾಕು ಗೊಂಬೊ ಅಜ್ಜಾ! ಕಟ್ಟಿಸ್ಕೊಂಡಿದ್ದು ಇದೇ ತಾನೆ?" ಆಗ ನಕ್ಕರು ನೋಡು ಜನ. ನಿಮ್ಮಪ್ಪ ನಿಜವಾಗಿಯೂ ಬಾಸರನ ಹಣೆಗೂ ಬೆನ್ನಿಗೂ ಐರಗ್ ಸುರಿದ. ಅದು ಮೈಯೆಲ್ಲ ನೆಕ್ಕಿಕೊಂಡು, ಇನ್ನೂ ಬೇಕು ಎಂದು ಅವನ ಕೈ ನೆಕ್ಕಿತು. ಎದುರಿನ ಬಿಡಾರದ ಮುದುಕಿ ಗೌರವಕ್ಕೆ ಕೊಡುವ ನೀಲಿ ರೇಷ್ಮೆಯ ಖದಗ್ ವಸ್ತ್ರವೊಂದನ್ನು ತಂದು ನನ್ನ ತೋಳಿನ ಮೇಲೆ ಹಾಸಿ, "ನಿನ್ ಮಗಳಿಗೆ. ನಮ್ಮ ನಾಯಿನ ಬರೋ ವರ್ಷಾನೂ ಕಟ್ತೀವಿ ಅಂತ ಹೇಳು" ಅಂದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೊಬ್ಬಳು. ನನ್ನ ತೋಳು ನೀಲಿ ನೀಲಿ. ಟೋಪಿ ಇಟ್ಟ ಪೆಟ್ಟಿಗೆಯಲ್ಲಿ ಅವನ್ನೂ ಮಡಿಸಿ ಇಟ್ಟಿದ್ದೇನೆ, ಮುಚ್ಚಳ ಹಾಕಲು ಮೇಲೆ ಕೂರಬೇಕಾಯಿತು.

ಬಾ ಎಂದು ನಾನು ಬರೆಯುವುದಿಲ್ಲ. ಬಂದರೆ ಸಂತೋಷ. ಬರದಿದ್ದರೆ, ಹಿಟ್ಟು ನಾದುವಾಗ ನೀರು ಸ್ವಲ್ಪ ಬೆಚ್ಚಗಿರಲಿ, ನಿನ್ನ ಕೈ ಚಳಿಗೆ ಬೇಗ ಒಡೆಯುತ್ತದೆ. ಟೀಚರ್ ಬರುವ ವರ್ಷ ಮತ್ತೆ ನಿನ್ನ ಹೆಸರು ಕಳಿಸುತ್ತಾರಂತೆ, ಅದು ನಿಮ್ಮಿಬ್ಬರಿಗೆ ಬಿಟ್ಟದ್ದು. ಆದರೆ ಬರಿಗೈಯಲ್ಲಿ ಹೇಗೆ ನಿಲ್ಲಲಿ ಎಂದು ಕೇಳಿದ್ದೆಯಲ್ಲ, ಅದಕ್ಕೆ ಮಾತ್ರ ಉತ್ತರ ಬರೆಯದೆ ಇರಲಾರೆ. ನೀನು ಏಳು ವರ್ಷದವಳಾಗಿದ್ದಾಗ ಹೇಗೆ ನಿಂತಿದ್ದೆಯೋ ಹಾಗೆ ನಿಲ್ಲು. ಅವತ್ತೂ ನಿನ್ನ ಕೈಯಲ್ಲಿ ಏನೂ ಇರಲಿಲ್ಲ. ಮುಖ ಮುಚ್ಚಿಕೊಳ್ಳಬೇಕು ಎನಿಸಿದರೆ ನನ್ನ ನಿಲುವಂಗಿ ಇನ್ನೂ ಇದೆ.

ಕುದುರೆಗಳು ಬಂದವು, ಹಾಲು ಕರೆಯಲು ಏಳುತ್ತೇನೆ.

ನಿನ್ನ ಕೆನ್ನೆಯ ವಾಸನೆ ಮರೆಯದ
ಅಮ್ಮ, ದಾರಿಮಾ

ತಾ. ಕ.: ಈ ಕಾಗದ ಅಂಚೆಯಲ್ಲಿ ಬಂದದ್ದಲ್ಲ. ನಿನ್ನ ಕೈಗೆ ಕೊಟ್ಟವರು ಅಂಗಡಿಯವರೋ ಇನ್ಯಾರೋ ಇರಬಹುದು, ತಂದವನು ಹೊರಗೆ ನಿಂತಿದ್ದಾನೆ. ಆಲ್ತಾಯ್ ಪಟ್ಟಣ ದಾಟಿ ಆಚೆ ಎಂದೂ ಹೋದವನಲ್ಲ, ಎರಡು ಬಸ್ಸು ಬದಲಾಯಿಸಿ ಬಂದಿದ್ದಾನೆ. ಜೀನಿಗೆ ತೊಗಲು ಕೊಳ್ಳಲು ಬಂದೆ ಎಂದು ಸುಳ್ಳು ಹೇಳುತ್ತಾನೆ, ನಂಬಿದ ಹಾಗೆ ಮಾಡು. ಈ ಕಾಗದದಲ್ಲಿ ಉಣ್ಣೆ, ಹಾಲಿನ ವಿಷಯ ಮಾತ್ರ ಇದೆ ಎಂದುಕೊಂಡಿದ್ದಾನೆ. ಹಾಡಿನ ವಿಷಯ ಬರೆದರೆ ನೋಡು ಎಂದು ನನಗೆ ಬೆರಳು ತೋರಿಸಿದ್ದ, ಆದ್ದರಿಂದ ಗೊತ್ತಿದೆ ಎಂದು ಬಾಯಿಬಿಡಬೇಡ. ಅವನ ಕೈಯಲ್ಲಿ ಒಂದು ನೀಲಿ ಕ್ಯಾನು ಇರುತ್ತದೆ, ಅವತ್ತು ಬಾಸರನಿಗೆ ಹಾಕಿ ಉಳಿದ ಐರಗ್. ಸವಾರಳು ಕುಡಿಯಬೇಕಾದ ಪಾಲು ಎಂದು ಯಾರಿಗೂ ಮುಟ್ಟಲು ಕೊಡಲಿಲ್ಲ. ಬಸ್ಸಿನ ಬಿಸಿಗೆ ಉಬ್ಬಿರುತ್ತದೆ, ಮುಚ್ಚಳ ನಿಧಾನವಾಗಿ ತೆಗೆ. ಹಾಡದೆ ಅವನು ಅದನ್ನು ನಿನ್ನ ಕೈಗೆ ಕೊಡುವುದಿಲ್ಲ, ಹಾಡಲಿ, ಬೀದಿಯ ಜನ ನೋಡಿದರೆ ನೋಡಲಿ. ಮೊದಲು ಕಿವಿಗೊಡು. ಯಾರೋ ಮುದುಕ ಅಂಗಡಿಯ ಬಾಗಿಲಿಗೆ ಬಂದು "ನಾಯಿ ಹಿಡ್ಕೊಳ್ಳೀ!" ಎಂದು ಕೂಗುತ್ತಿದ್ದರೆ, ಅಲ್ಲಿ ನಾಯಿ ಇಲ್ಲ ಎಂದು ನಗುವವರು ನಗಲಿ. ನೀನು ಹಿಂದಿನ ಬಾಗಿಲಿಗೆ ಹೋಗಬೇಡ, ಮುಂದಿನದನ್ನು ತೆಗೆ.